ಬೀಗರೂಟಕ್ಕೆ ಹೋದ ಹೊಸ ಹಲ್ಲು

ಬಾಯಲ್ಲಿ ಹಲ್ಲಿಲ್ಲ ಎಂಬುದನ್ನು ನಾನು ಎಂದೂ ಒಂದು ಕೊರತೆಯೆಂದು ಭಾವಿಸಿದವನಲ್ಲ. ವಸಡಿನ ಕಾಯಿಲೆಯಿಂದ ಮೇಲಿನ ಸಾಲು ಪೂರ್ತಿ ಖಾಲಿಯಾಗಿತ್ತು. ಕೆಳಗಿನ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿದು, ಜೊತೆಗಾರರಿಲ್ಲದೆ ಸುಮ್ಮನೆ ನಿಂತಿದ್ದವು. ಆದರೆ ನಮ್ಮ ಕಡೆ ಊಟವೆಂದರೆ ಮುದ್ದೆ. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು. ಅಗಿದು ತಿನ್ನುವವನನ್ನು ಕಂಡರೆ "ಯಾವೂರಪ್ಪಾ ನಿಂದು?" ಎಂದು ಕೇಳುತ್ತಾರೆ. ಹೀಗಿರುವಾಗ ಕೋಲಾರ ಜಿಲ್ಲೆಯ ಮನುಷ್ಯನಿಗೆ ಹಲ್ಲು ಎಂಬುದು ಅಲಂಕಾರವೇ ಹೊರತು ಅವಶ್ಯಕತೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು.

ನಾನು ವೃತ್ತಿಯಿಂದ ಫಿಟ್ಟರ್. ಕೆಜಿಎಫ್‌ನ ಕೋರಮಂಡಲ್ ಚಿನ್ನದ ಗಣಿಯಲ್ಲಿ ಕೆಲಸ ಕಲಿತೆ. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡೆ. ಮನೆ ಮಾತ್ರ ಈಗಲೂ ಕೋರಮಂಡಲ್‌ನ ಗಣಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಅದೇ ಲೈನ್ ಮನೆ. ಒಂದು ವಸ್ತು ಇನ್ನೊಂದು ವಸ್ತುವಿನೊಳಗೆ ಸರಿಯಾಗಿ ಕೂರುತ್ತಿಲ್ಲ ಎಂದರೆ ಅದನ್ನು ಕೂರಿಸುವವನು ನಾನು. ಈ ಆತ್ಮವಿಶ್ವಾಸವೇ ಮುಂದಿನ ಎಲ್ಲ ಅನಾಹುತಗಳಿಗೂ ಮೂಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ನಮ್ಮ ಒಬ್ಬಳೇ ಮಗಳು ಶೋಭಾಗೆ ಬೂದಿಕೋಟೆಯ ಕಡೆ ಸಂಬಂಧ ಕುದುರಿತು. ಹುಡುಗನ ತಂದೆ ಮುನಿವೆಂಕಟಪ್ಪನವರು ಜೀವನವಿಡೀ ಕುರಿ ಸಾಕಿದವರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಹಲ್ಲಿನ ವಿಷಯದಲ್ಲಿ ಮಾತ್ರ ಅವರಿಗೂ ಅವರ ಮಗನಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ನಮ್ಮ ಮನೆಯಲ್ಲಿ ವೀಳ್ಯಶಾಸ್ತ್ರ ನಡೆದ ದಿನ ಅವರು ತಟ್ಟೆಯಿಂದ ಒಂದು ಇಡೀ ಅಡಿಕೆ ಎತ್ತಿಕೊಂಡು ಬಾಯಿಗೆ ಹಾಕಿದರು. ಕಟಕ್! ಮನೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇನ್ನೊಂದು ಅಡಿಕೆಯನ್ನು ನನ್ನ ಅಂಗೈಗೆ ಇಟ್ಟು, "ಅಗೀರಿ ಬೀಗ್ರೇ, ಸಂಬಂಧ ಗಟ್ಟಿಯಾಗ್ಲಿ" ಎಂದರು.

ಸಂಬಂಧದ ಪ್ರಶ್ನೆ. ಬಾಯಿಗೆ ಹಾಕಿಕೊಂಡೆ. ಎಡಗಡೆ ಉರುಳಿಸಿದೆ, ಬಲಗಡೆ ಉರುಳಿಸಿದೆ. ಅಡಿಕೆ ತನ್ನ ನಿಲುವನ್ನು ಬದಲಿಸಲಿಲ್ಲ. ಕೊನೆಗೆ ಕೆಮ್ಮಿದಂತೆ ಮಾಡಿ ಟವೆಲ್ಲಿಗೆ ವರ್ಗಾಯಿಸಿದೆ. ಅದು ಟವೆಲ್ಲಿನಿಂದ ಜಾರಿ ಉರುಳಿಕೊಂಡು ಹೋಗಿ ಮುನಿವೆಂಕಟಪ್ಪನವರ ಕಾಲಬುಡದಲ್ಲೇ ನಿಂತಿತು.

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. "ಓಹೋ! ಬೀಗ್ರ ಬಾಯಾಗೆ ಅಲ್ಲೇ ಇಲ್ಲ ಕಣ್ರಪ್ಪಾ! ಬೀಗರೂಟದ ದಿನ ಎಲ್ರಿಗೂ ಮಟನ್ ಮಾಡಿ, ಇವ್ರೊಬ್ರಿಗೆ ಗಂಜಿ ಕಾಯ್ಸಿಡಾನಾ?" ಎಂದರು.

ಎಲ್ಲರೂ ನಕ್ಕರು. ಬೀಗರು ಬೀಗರನ್ನು ಗೇಲಿ ಮಾಡುವುದು ನಮ್ಮಲ್ಲಿ ವಾಡಿಕೆ, ಕೋಪ ಮಾಡಿಕೊಳ್ಳುವಂತಿಲ್ಲ. ನಾನೂ ನಕ್ಕೆ, ಬಾಯಿ ಮುಚ್ಚಿಕೊಂಡು. ಆದರೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಶೋಭಾ ನಗಲಿಲ್ಲ. ತಲೆ ತಗ್ಗಿಸಿ ಒಳಗೆ ಹೋದಳು.

ಅವರೆಲ್ಲ ಬಸ್ಸು ಹತ್ತಿದ ಮೇಲೆ ನನ್ನ ಹೆಂಡತಿ ನಾಗಮ್ಮ ಶುರು ಮಾಡಿದಳು. "ನಿಮ್ಗೇನು, ಅಂಗ್ಡಿಗೋಗಿ ಕೂತ್ಕೋತೀರಾ. ಆ ಮನೇಲಿ ಬಾಳಾಟ ಮಾಡೋಳು ಅವ್ಳು. ಬೊಚ್ಚುಬಾಯಿ ಕಿಷ್ಟಪ್ಪನ ಮಗ್ಳು ಅಂತ ದಿನಾ ಅನ್ನಿಸ್ಕೋಬೇಕಾ ಮಗ? ಬೀಗರೂಟದಾಗೆ ಇಡೀ ಬೂದಿಕೋಟೆ ನಿಮ್ ಬಾಯೇ ನೋಡ್ತಾ ಕೂತಿರ್ತದೆ."

ಈ ಮಾತು ನನಗೆ ನಾಟಿತು. ಮದುವೆ ಮುಗಿದ ಮೇಲೆ ಗಂಡಿನ ಮನೆಯವರು ನಮಗೆ ಹಾಕುವ ಮಾಂಸದೂಟವೇ ಬೀಗರೂಟ. ಅಲ್ಲಿ ಹೆಣ್ಣಿನ ತಂದೆಯ ಎಲೆಗೆ ದೊಡ್ಡ ನಲ್ಲಿ ಮೂಳೆಯನ್ನು ಆರಿಸಿ ಹಾಕುತ್ತಾರೆ. ಅವನು ಅದನ್ನು ಕಚ್ಚಿ, ಎಳೆದು, ಹೀರಿ ಮುಗಿಸುವುದನ್ನು ಊರೇ ನೋಡುತ್ತದೆ. ನನ್ನ ಬಾಯಿಯ ಕಾರಣಕ್ಕೆ ನನ್ನ ಮಗಳು ಆ ಮನೆಯಲ್ಲಿ ತಲೆ ತಗ್ಗಿಸಬಾರದು. ಹಲ್ಲು ಕಟ್ಟಿಸಿಕೊಳ್ಳುವುದೆಂದು ಅಲ್ಲೇ ತೀರ್ಮಾನಿಸಿದೆ.

ಪಕ್ಕದ ಮನೆಯ ಸೆಲ್ವರಾಜ್, ಗಣಿಯಲ್ಲಿ ನನ್ನ ಜೊತೆ ಕೆಲಸ ಮಾಡಿದವನು, ಕೇಳದೆಯೇ ತನ್ನ ತಮಿಳು ಬೆರೆತ ಕನ್ನಡದಲ್ಲಿ ಸಲಹೆ ಕೊಟ್ಟ. "ಎನ್ನ ಕಿಷ್ಟಪ್ಪಾ, ಊರಿಗೆಲ್ಲಾ ಚಿನ್ನ ತೋಡಿ ಕೊಟ್ಟೋರು ನಾವು. ಮುಂದ್ಗಡೆ ಒಂದೇ ಒಂದು ಪಲ್ಲು ಚಿನ್ನದ್ದು ಹಾಕ್ಕೋ ಪಾ. ಕೆಜಿಎಫ್‌ನವನು ಅಂತ ಗೊತ್ತಾಗ್ಲಿ!"

ಯೋಚನೆ ಚೆನ್ನಾಗಿತ್ತು. ಮನೆಯಲ್ಲಿ ಪ್ರಸ್ತಾಪಿಸಿದೆ. ನಾಗಮ್ಮ ಆಗ ಶೋಭಾಳ ಮಾಂಗಲ್ಯದ ಸರಕ್ಕೆ ತನ್ನ ಎರಡೂ ಬಳೆಗಳನ್ನು ಕರಗಿಸಲು ಕೊಡುವವಳಿದ್ದಳು. ಅವಳು ನನ್ನನ್ನು ನೋಡಿದ ರೀತಿಗೆ ನಾನು ಆ ಪ್ರಸ್ತಾಪವನ್ನು ಬೇಷರತ್ತಾಗಿ ಹಿಂದಕ್ಕೆ ಪಡೆದೆ.

ರಾಬರ್ಟ್‌ಸನ್‌ಪೇಟೆಯ ಹಲ್ಲಿನ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ಬಹಳ ತಾಳ್ಮೆಯವಳು ಎಂದು ಮೊದಲ ದಿನವೇ ಅನ್ನಿಸಿತು. ನಾನು ಅದನ್ನು ಮುಂದೆ ಚೆನ್ನಾಗಿ ಪರೀಕ್ಷೆಗೆ ಒಡ್ಡಿದೆ. ಮೂಳೆಗೇ ಸ್ಕ್ರೂ ಹಾಕಿ ಕೂರಿಸುವ ಹಲ್ಲು, ತೆಗೆದು ಹಾಕುವ ಸೆಟ್, ಎರಡನ್ನೂ ವಿವರಿಸಿದಳು. ಸ್ಕ್ರೂ ನನಗೆ ಹಿಡಿಸಿತು. ಆದರೆ ಅದು ಬಿಗಿಯಾಗಲು ತಿಂಗಳುಗಟ್ಟಲೆ ಕಾಯಬೇಕು, ಮದುವೆ ಹತ್ತಿರವಿತ್ತು. ಹಾಗಾಗಿ ಮೇಲಿನ ಸಾಲಿಗೆ ಸೆಟ್ ಎಂದಾಯಿತು. ಬಾಯಿಯ ಅಚ್ಚು ತೆಗೆದಳು. ಬಾಯಿ ತುಂಬ ಮೇಣದಂಥದ್ದನ್ನು ಇಟ್ಟುಕೊಂಡೇ ನಾನು ಅಚ್ಚು ಎರಕದ ಬಗ್ಗೆ ಒಂದೆರಡು ತಾಂತ್ರಿಕ ಸಲಹೆ ಕೊಟ್ಟೆ. ಅವಳಿಗೆ ಅರ್ಥವಾಗಲಿಲ್ಲ.

ನಂತರ ಬಣ್ಣ ಆರಿಸುವುದು. ಅಚ್ಚಬಿಳಿಯಿಂದ ಬೀಡಿಹಳದಿಯವರೆಗೆ ಸಾಲಾಗಿ ಹಲ್ಲುಗಳನ್ನು ಜೋಡಿಸಿದ ಪಟ್ಟಿಯೊಂದನ್ನು ನನ್ನ ಕೆನ್ನೆಯ ಪಕ್ಕ ಹಿಡಿದಳು.

"ಅಂಕಲ್, ನಿಮ್ಮ ವಯಸ್ಸಿಗೆ, ಕೆಳಗಿನ ಹಲ್ಲಿಗೆ ಈ ಸ್ವಲ್ಪ ಹಳದಿ ಇರೋದು ಹೊಂದತ್ತೆ."

"ಏನಮ್ಮಾ ಇದು? ಹೊಸಾ ಸಾಮಾನು ತಗೊಳ್ಳೋವಾಗ ಹಳೇ ಬಣ್ಣ ಯಾಕೆ? ಆ ತುದೀದು ಕೊಡಿ."

"ಅದು ತುಂಬಾ ಬಿಳಿ ಅಂಕಲ್."

"ಕೊಡಿ!"

ಕೊಟ್ಟಳು. ಸೆಟ್ ಹಾಕಿಕೊಂಡು ಮನೆಗೆ ಬಂದ ಸಂಜೆ ಬಾಗಿಲಲ್ಲಿ ನಿಂತು ನಕ್ಕೆ. ನಾಗಮ್ಮ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಸೆಲ್ವರಾಜ್ ಕಾಂಪೌಂಡಿನ ಆಚೆಯಿಂದ, "ನಗ್ತಾನೇ ಇರು ಕಿಷ್ಟಪ್ಪಾ, ಬೀದಿ ಲೈಟು ಇನ್ನೂ ಹಾಕಿಲ್ಲ" ಎಂದ.

ಡಾಕ್ಟರಮ್ಮ ಹೇಳಿ ಕಳಿಸಿದ್ದ ಮಾತುಗಳು ಹೀಗಿದ್ದವು. ಮಲಗುವಾಗ ತೆಗೆದು ತಣ್ಣೀರಲ್ಲಿ ಇಡಬೇಕು, ಒಣಗಲು ಬಿಡಬಾರದು. ಬಿಸಿನೀರು ತಾಗಿಸಬಾರದು. ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು, ಇದ್ದಿಲು, ಹಲ್ಲುಪುಡಿ ಮುಟ್ಟಿಸಬಾರದು. ಮೊದಮೊದಲು ಮೆತ್ತಗಿನದನ್ನೇ ಸಣ್ಣ ತುಂಡು ಮಾಡಿ ಎರಡೂ ಕಡೆ ಅಗಿಯಬೇಕು. ವಸಡು ಎಲ್ಲಾದರೂ ಒತ್ತಿ ನೋವಾದರೆ ತಕ್ಷಣ ಅವಳ ಹತ್ತಿರ ಬರಬೇಕು. "ನೀವೇ ಏನೂ ಮಾಡೋಕೆ ಹೋಗ್ಬೇಡಿ ಅಂಕಲ್" ಎಂದು ಒತ್ತಿ ಹೇಳಿದ್ದಳು. ಮೊದಲಿನ ಎಲ್ಲವನ್ನೂ ನಾನು ಅಕ್ಷರಶಃ ಪಾಲಿಸಿದೆ. ಕೊನೆಯದು ನನ್ನಂಥವನಿಗೆ ಅನ್ವಯಿಸುವುದಿಲ್ಲ ಎಂದುಕೊಂಡೆ.

ಏಕೆಂದರೆ ಒತ್ತಿತು. ಬಲಗಡೆ ಎಲ್ಲೋ ಒಂದು ಕಡೆ ಚುಚ್ಚಿದ ಹಾಗಾಗುತ್ತಿತ್ತು. ಇದಕ್ಕೆ ಡಾಕ್ಟರು ಬೇಕೇ? ಎರಡು ಭಾಗಗಳ ನಡುವೆ ಎಲ್ಲಿ ಉಬ್ಬಿದೆ ಎಂದು ಕಂಡುಹಿಡಿಯುವ ವಿಧಾನ ಫಿಟ್ಟರಿಗೆ ಗೊತ್ತು. ಒಂದು ಭಾಗಕ್ಕೆ ಬಣ್ಣ ಸವರಬೇಕು, ಇನ್ನೊಂದನ್ನು ಅದರ ಮೇಲೆ ಒತ್ತಬೇಕು, ಬಣ್ಣ ಎಲ್ಲಿ ಅಂಟುತ್ತದೋ ಅಲ್ಲಿ ಉಜ್ಜಬೇಕು. ನಾನು ನಾಗಮ್ಮನ ಕುಂಕುಮದ ಭರಣಿ ತೆಗೆದುಕೊಂಡು ಮೇಲಿನ ವಸಡಿಗೆಲ್ಲ ಸವರಿಕೊಂಡೆ. ಕನ್ನಡಿಯ ಮುಂದೆ ನಿಂತು ಬಾಯಿ ತೆರೆದಿದ್ದಾಗ ನಾಗಮ್ಮ ಒಳಗೆ ಬಂದಳು.

ಅವಳ ಕಿರುಚಾಟಕ್ಕೆ ಸೆಲ್ವರಾಜ್ ಗೋಡೆ ಹಾರಿ ಬಂದ. "ಅಯ್ಯಯ್ಯೋ, ರತ್ತಂ! ಆಟೋ ಕರೀರಿ!" ಎಂದು ಅವನೂ ಕೂಗಿದ. ಬಾಯಿ ತುಂಬ ಕುಂಕುಮ ಇಟ್ಟುಕೊಂಡು, ಇದು ರಕ್ತವಲ್ಲ, ಅಳತೆ ಎಂದು ವಿವರಿಸಲು ನನಗೆ ಸಾಕಷ್ಟು ಸಮಯ ಹಿಡಿಯಿತು. ವಿಷಯ ತಿಳಿದ ಮೇಲೆ ನಾಗಮ್ಮ ಭರಣಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, "ಗಂಡನ ಆಯಸ್ಸಿಗೆ ಅಂತ ಇಟ್ಕೊಳ್ಳೋ ಕುಂಕುಮ ಇದು!" ಎಂದು ಅಳುತ್ತಾ ದೇವರ ಕೋಣೆಗೆ ಹೋದಳು.

ಸೆಟ್ಟನ್ನು ವಸಡಿಗೆ ಒಮ್ಮೆ ಒತ್ತಿ ತೆಗೆದು, ಅಂಗಡಿಗೆ ಒಯ್ದು, ಬಟ್ಟೆ ಸುತ್ತಿ ವೈಸಿನ ಇಕ್ಕಳಕ್ಕೆ ಬಿಗಿದು, ಸಣ್ಣ ಅರದಿಂದ ಕೆಂಪಗಿದ್ದ ಜಾಗವನ್ನು ಉಜ್ಜಿದೆ. ಬಲಗಡೆ ನೋವು ಹೋಗಿ ಎಡಗಡೆ ಬಂತು. ಎಡಗಡೆ ಉಜ್ಜಿದೆ. ಮುಂದುಗಡೆ ಬಂತು. ಅಲ್ಲೂ ಉಜ್ಜಿ, ಕೊನೆಗೆ ಎಮರಿ ಪೇಪರ್ ಹಾಕಿ ನುಣುಪು ಮಾಡಿದೆ. ಈಗ ಎಲ್ಲೂ ನೋವಿರಲಿಲ್ಲ. ಎಲ್ಲೂ ಹಿಡಿತವೂ ಇರಲಿಲ್ಲ. "ಬನ್ನಿ" ಎಂದರೆ ಸಾಕು, ನನಗಿಂತ ಮೊದಲು ಹಲ್ಲೇ ಹೊರಟು ನಿಲ್ಲುತ್ತಿತ್ತು.

ಮದುವೆಯಲ್ಲಿ ಹಾಗಾಗಿ ನಾನು ಬಾಯಿ ತೆರೆಯಲಿಲ್ಲ. ಧಾರೆಯ ಹೊತ್ತಿಗೆ ನಾಲಿಗೆಯಿಂದ ಸೆಟ್ಟನ್ನು ಮೇಲಕ್ಕೆ ಒತ್ತಿಹಿಡಿದು, ತುಟಿ ಬಿಗಿದು, ಕಣ್ಣು ಅರಳಿಸಿ ಕೂತಿದ್ದೆ. ಫೋಟೋದವನು "ಸ್ಮೈಲ್ ಸಾರ್" ಎಂದು ಬೇಡಿಕೊಂಡು ಬೇಸತ್ತ. ನೆಂಟರ ಹೆಂಗಸರು ಒಬ್ಬರಿಗೊಬ್ಬರು, "ಪಾಪ, ಒಬ್ಳೇ ಮಗ್ಳು. ಮನ್ಸಿಗೆ ಎಷ್ಟು ಅಚ್ಕೊಂಡವ್ರೆ ನೋಡು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳನ್ನು ಕಳಿಸಿಕೊಡುವಾಗ ನನಗೆ ನಿಜವಾಗಿಯೂ ಅಳು ಬಂತು. ಆದರೆ ಬಾಯಿ ಬಿಟ್ಟು ಅಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆ ದುಃಖ ಇನ್ನೂ ಒಳಗೇ ಇದೆ.

ಬೀಗರೂಟಕ್ಕೆ ಇನ್ನು ಹೆಚ್ಚು ದಿನವಿರಲಿಲ್ಲ. ಡಾಕ್ಟರಮ್ಮನ ಹತ್ತಿರ ಹೋಗಲು ಮುಖವಿಲ್ಲ. ಪಂಪು ಸಡಿಲವಾಗಿ ನೀರು ಸೋರಿದರೆ ನಾವೇನು ಮಾಡುತ್ತೇವೆ? ನಡುವೆ ಪ್ಯಾಕಿಂಗ್ ಹಾಕುತ್ತೇವೆ. ಇಷ್ಟು ಸರಳ! ಹಳೆಯ ಸೈಕಲ್ ಟ್ಯೂಬನ್ನು ಕುದಿಸಿ ತೊಳೆದು, ಅಂಗುಳಿನ ಆಕಾರಕ್ಕೆ ತೆಳ್ಳಗೆ ಕತ್ತರಿಸಿ, ಸೆಟ್ಟಿನ ಒಳಗಿಟ್ಟು ಒತ್ತಿದೆ. ಪಚಕ್ ಎಂದು ಕೂತಿತು. ಎಳೆದರೂ ಬರಲಿಲ್ಲ. ಚಕ್ಕುಲಿ ಕಡಿದು ನೋಡಿದೆ, ಕಟುಂ ಎಂದಿತು. ಅಂದಿನಿಂದ ಕಾಫಿ, ಸಾರು, ಮಜ್ಜಿಗೆ ಎಲ್ಲವೂ ಸೈಕಲ್ ಟ್ಯೂಬಿನ ರುಚಿ ಬರತೊಡಗಿದವು ನಿಜ. ಮರ್ಯಾದೆಯ ಮುಂದೆ ರುಚಿ ಯಾವ ಲೆಕ್ಕ ಎಂದುಕೊಂಡೆ.

ಬೂದಿಕೋಟೆಯಲ್ಲಿ ಮುನಿವೆಂಕಟಪ್ಪನವರ ಮನೆ ಮುಂದೆ ಶಾಮಿಯಾನ ಹಾಕಿದ್ದರು. ನಾನು ಬಸ್ಸಿಳಿದು ಬಾಯಿ ತುಂಬ ನಗುತ್ತಾ ನಡೆದೆ. ಬೀಗರು ನನ್ನ ಬಾಯನ್ನೇ ನೋಡಿ, "ಏನ್ ಬೀಗ್ರೇ, ಬೆಳೆ ಬಂದಂಗದೆ!" ಎಂದರು. "ಊಂ, ಬಂತು" ಎಂದು ಗಂಭೀರವಾಗಿ ಹೇಳಿದೆ. ಅವರು ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಶೋಭಾ ಹೊಸ ಸೀರೆಯಲ್ಲಿ ಸಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದಳು. ಗಂಡನ ಮನೆಯಲ್ಲಿ ಅವಳು ಮೊದಲ ಬಾರಿಗೆ ಅಡುಗೆಗೆ ಕೈ ಹಾಕಿದ ದಿನ. ಮಸಾಲೆ ಅವಳೇ ರುಬ್ಬಿದ್ದಳಂತೆ. ನನ್ನ ಎಲೆಗೆ ಬಡಿಸುವಾಗ ಅವಳ ಕಣ್ಣು ನನ್ನ ಹೊಸ ಹಲ್ಲಿನ ಮೇಲೆ ಬಿದ್ದು, ಮುಖ ಒಂದಿಷ್ಟು ಅರಳಿತು. ಆ ಕ್ಷಣಕ್ಕೆ ನಾನು ಇಡೀ ಸೈಕಲ್ಲನ್ನೇ ಬಾಯಲ್ಲಿ ಇಟ್ಟುಕೊಳ್ಳಲೂ ಸಿದ್ಧನಿದ್ದೆ.

ಮುದ್ದೆ ಬಂತು. ನಲ್ಲಿ ಮೂಳೆ ಬಂತು. ಬೀಗರೇ ಆರಿಸಿ, ಮಾಂಸ ಕಚ್ಚಿಕೊಂಡಿದ್ದ ದೊಡ್ಡದನ್ನು ನನ್ನ ಎಲೆಗೆ ಹಾಕಿದರು. ಎದುರು ಸಾಲು ಪೂರ್ತಿ ಊಟ ನಿಲ್ಲಿಸಿತು. ನಾನು ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಚ್ಚಿ ಹಿಡಿದೆ. ಹಲ್ಲು ಮಾಂಸದೊಳಕ್ಕೆ ಇಳಿಯಿತು. ಎದುರು ಸಾಲಿನವರು ತೃಪ್ತಿಯಿಂದ ತಲೆಯಾಡಿಸಿ ತಮ್ಮ ಎಲೆ ನೋಡಿಕೊಂಡರು. ಬೀಗರು ಪಲ್ಯಕ್ಕಾಗಿ ಆ ಕಡೆ ತಿರುಗಿ ಯಾರನ್ನೋ ಕೂಗಿದರು. ನಾನು ಗೆದ್ದೆ ಎಂದುಕೊಂಡು ಮೂಳೆಯನ್ನು ಬಲವಾಗಿ ಎಳೆದೆ.

ಕೊಬ್ಬು ತೇಲುವ ಬಿಸಿ ಸಾರು ರಬ್ಬರನ್ನು ಹೇಗೆ ಜಾರಿಸುತ್ತದೆ ಎಂಬುದು ಫಿಟ್ಟರಾದ ನನಗೆ ಗೊತ್ತಿರಬೇಕಿತ್ತು. ಪಚಕ್ ಎಂದಿತು. ಕೈ ಕೆಳಗಿಳಿಸಿ ನೋಡಿದೆ. ಹಲ್ಲು ಮೂಳೆಯನ್ನು ಬಿಟ್ಟಿರಲಿಲ್ಲ, ಬಿಗಿಯಾಗಿಯೇ ಕಚ್ಚಿಕೊಂಡಿತ್ತು. ನಾನು ಮಾತ್ರ ಅಲ್ಲಿರಲಿಲ್ಲ!

ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವವನಂತೆ ಮೂಳೆಯನ್ನೂ ಮುಚ್ಚಿ, ಹಲ್ಲನ್ನು ಬಿಡಿಸಿ, ಒಂದೇ ಏಟಿಗೆ ಬಾಯೊಳಗೆ ಸೇರಿಸಿದೆ. ಯಾರೂ ನೋಡಿರಲಿಲ್ಲ. ಉಸಿರು ಬಿಟ್ಟೆ. ಆಗ ಅಂಗುಳಿಗೆ ಏನೋ ಕಡಿಮೆ ಅನ್ನಿಸಿತು. ಪ್ಯಾಕಿಂಗ್ ಇರಲಿಲ್ಲ.

ಪ್ಯಾಕಿಂಗ್ ಸಿಡಿದು ಬೀಗರ ಎಲೆಗೆ ಬಿದ್ದಿತ್ತು. ಅವರು ಅದನ್ನು ಸಾರಿನಿಂದ ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಳೆದರು. ಉದ್ದವಾಯಿತು. ಬಿಟ್ಟರು. ಮೊದಲಿನಷ್ಟೇ ಆಯಿತು.

"ಇದ್ಯಾವುದ್ಲಾ ಇದು?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಬೀಗ್ರೇ, ನೋಡಿ. ಉಟ್ಟಿದಾಗಿಂದ ಕುರೀದು ಎಲ್ಲಾ ಭಾಗಾನೂ ಬಲ್ಲೆ ನಾನು. ಇಂತಾದ್ದು ಒಂದು ಕುರೀಲೂ ಕಂಡಿಲ್ಲ."

"ಕಿವಿ ಇರ್ಬೌದು" ಎಂದೆ. ಇಂಥ ಸಂದರ್ಭದಲ್ಲಿ ಮನುಷ್ಯನ ಬಾಯಿಗೆ ಏನು ಬರುತ್ತದೆಂದು ಹೇಳಲಾಗುವುದಿಲ್ಲ.

"ಕಿವಿ ಅಲ್ಲ ಬಿಡಿ. ಇದು ರಬ್ಬರು!" ಅವರ ದನಿ ಏರಿತು. ನೆಂಟರ ಮುಂದೆ ಮನೆಯ ಸಾರಿನಲ್ಲಿ ರಬ್ಬರು! ಯಾರಿಗಾದರೂ ಕೋಪ ಬರುವಂಥದ್ದೇ. "ಯಾರು ಸಾರು ಮಾಡಿದ್ದು? ಯಾರು ನೋಡ್ಕೊಂಡಿದ್ದು?"

ಬಕೆಟ್ ಹಿಡಿದುಕೊಂಡೇ ಶೋಭಾ ನಿಂತಿದ್ದಳು.

"ನಾನೇ ಮಾಮ" ಎಂದಳು. "ನೋಡ್ಕೊಂಡೇ ಮಾಡ್ದೆ. ಎಂಗೆ ಬಿತ್ತೋ ಗೊತ್ತಿಲ್ಲ." ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು. ಹಿಂದಿನಿಂದ ಯಾರೋ ಹೆಂಗಸು, "ಸಿಟಿ ಉಡ್ಗೀರ ಕೈಲಿ ಅಡ್ಗೆ ಮಾಡ್ಸಿದ್ರೆ ಇನ್ನೇನಾಗ್ತದೆ" ಎಂದಳು.

ಗಣಿಯೊಳಗೆ ಬಂಡೆ ಸಿಡಿಯುವ ಸದ್ದಿಗೂ ನನ್ನ ಎದೆ ಹಾಗೆ ಹೊಡೆದುಕೊಂಡದ್ದಿಲ್ಲ. ಯಾರಿಗೆ ತಲೆ ತಗ್ಗಿಸುವಂತಾಗಬಾರದು ಎಂದು ಇಷ್ಟೆಲ್ಲ ಮಾಡಿದೆನೋ ಅವಳೇ ಇಡೀ ಊರಿನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ಅದೂ ನನ್ನ ಸೈಕಲ್ ಟ್ಯೂಬಿನ ದೆಸೆಯಿಂದ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಎದ್ದು ನಿಂತೆ.

"ಅದು ನಂದು ಬೀಗ್ರೇ."

"ನಿಮ್ದಾ?" ಅವರು ರಬ್ಬರನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿದರು. "ನಿಮ್ದು ಯಾವ ಭಾಗ?"

ಉತ್ತರವಾಗಿ ನಾನು ಬಾಯಿಗೆ ಕೈ ಹಾಕಿ ಸೆಟ್ಟನ್ನು ತೆಗೆದು ಅವರ ಎಲೆಯ ಪಕ್ಕ ಇಟ್ಟೆ. ಸಭೆಯಲ್ಲಿ ಒಂದು ಉದ್ಗಾರ ಎದ್ದಿತು. ಎದುರು ಸಾಲಿನಲ್ಲಿದ್ದ ನಾಗಮ್ಮ ಸೆರಗಿನಿಂದ ಪೂರ್ತಿ ಮುಖ ಮುಚ್ಚಿಕೊಂಡಳು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅಡಿಕೆ, ಕುಂಕುಮ, ಅರ, ಎಮರಿ ಪೇಪರ್, ಪ್ಯಾಕಿಂಗ್. ಹಲ್ಲಿಲ್ಲದ ಬಾಯಲ್ಲಿ ಹೇಳಿದ್ದರಿಂದ ಕೆಲವು ಭಾಗಗಳನ್ನು ಎರಡೆರಡು ಸಲ ಹೇಳಬೇಕಾಯಿತು. "ಸಾರಲ್ಲಿ ಏನೂ ತಪ್ಪಿಲ್ಲ ಬೀಗ್ರೇ. ನನ್ ಮಗ್ಳು ಚೆನ್ನಾಗೇ ಮಾಡವ್ಳೆ. ನನ್ ಬಾಯಿ ಸರಿಯಿಲ್ಲ" ಎಂದು ಮುಗಿಸಿದೆ.

ಮುನಿವೆಂಕಟಪ್ಪನವರು ಸೆಟ್ಟನ್ನು ಎತ್ತಿಕೊಂಡರು. ಕುರಿ ಕೊಳ್ಳುವವರು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ಹಾಲುಹಲ್ಲಿನದು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು ಎಂದು ಅವರ ಲೆಕ್ಕ. ಅದೇ ಗಾಂಭೀರ್ಯದಿಂದ ಅವರು ನನ್ನ ಅಚ್ಚಬಿಳಿ ಹಲ್ಲುಗಳನ್ನು ಆ ಕಡೆ ಈ ಕಡೆ ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಿದರು. ಆಮೇಲೆ ಇಡೀ ಶಾಮಿಯಾನಕ್ಕೆ ಕೇಳುವಂತೆ ತೀರ್ಪು ಕೊಟ್ಟರು.

"ಇದು ಇನ್ನೂ ಆಲಲ್ಲು ಕಣ್ರಪ್ಪಾ! ಇನ್ನೂ ಮರಿ! ಇದ್ಕೆ ಯಾರು ಮೂಳೆ ಆಕ್ದೋರು?"

ಮೊದಲು ನಕ್ಕವಳು ಶೋಭಾ. ಕಣ್ಣಲ್ಲಿ ನೀರು ಇಟ್ಟುಕೊಂಡೇ, ಬಕೆಟ್ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಸ ಸೊಸೆ ಹಾಗೆ ಗಟ್ಟಿಯಾಗಿ ನಗುವುದನ್ನು ಆ ಮನೆಯವರು ಅದೇ ಮೊದಲು ಕೇಳಿದ್ದಿರಬೇಕು. ಅವಳ ಅತ್ತೆ ನಕ್ಕರು, ಅಳಿಯ ನಕ್ಕ, ಸಿಟಿ ಹುಡುಗಿ ಎಂದಿದ್ದ ಹೆಂಗಸೂ ನಕ್ಕಳು. ಬೀಗರು ಶೋಭಾಳನ್ನು ಕರೆದು, "ಇಲ್ ಬಾಮ್ಮಾ, ನಂಗೆ ಇನ್ನೊಂದ್ ಸೌಟು ಬಿಡು. ಸಾರು ಬೋ ರುಚಿಯಾಗದೆ" ಎಂದರು. ಅವಳು ಬಡಿಸಿದಳು. ನಾನು ಕೂತು, ಹಲ್ಲನ್ನು ಜೇಬಿಗೆ ಹಾಕಿಕೊಂಡು, ಬಹಳ ದಿನಗಳ ನಂತರ ಸಾರಿನ ನಿಜವಾದ ರುಚಿ ನೋಡುತ್ತಾ ಎರಡು ಮುದ್ದೆ ನುಂಗಿದೆ. ಮನಸ್ಸು ಹಗುರವಾಗಿತ್ತು.

ಊಟದ ಮೇಲೆ ಶೋಭಾಳ ಅತ್ತೆಯವರು ಮರ್ಯಾದೆಗೆಂದು ನನ್ನ ಸೆಟ್ಟನ್ನು ಕೇಳಿ ಪಡೆದು, ಜಿಡ್ಡು ಹೋಗಲಿ ಎಂದು ಕುದಿಯುವ ನೀರಲ್ಲಿ ತೊಳೆದು ತಂದುಕೊಟ್ಟರು. ಅದು ಸೊಟ್ಟಗಾಗಿ ಬಂತು. ನಾನು ವಂದನೆ ಹೇಳಿ ತೆಗೆದುಕೊಂಡೆ.

ಡಾಕ್ಟರಮ್ಮ ಅದನ್ನು ಟೇಬಲ್ಲಿನ ಮೇಲಿಟ್ಟು ಬಹಳ ಹೊತ್ತು ನೋಡಿದಳು. "ಅಂಕಲ್, ಇದಕ್ಕೆ ಆಕ್ಸಿಡೆಂಟ್ ಆಯ್ತಾ?" ಎಂದು ಕೇಳಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ. ಗೋಡೆಯ ಕಡೆ ತಿರುಗಿ ನಿಂತು, ಭುಜ ಅಲುಗಾಡುವುದು ನಿಂತ ಮೇಲೆ ಈ ಕಡೆ ತಿರುಗಿದಳು. ಮತ್ತೆ ಅಚ್ಚು ತೆಗೆದಳು. ಈ ಸಲ ಹಳದಿ ಹಲ್ಲು. ಒತ್ತಿದಾಗಲೆಲ್ಲ ಅವಳ ಹತ್ತಿರವೇ ಹೋದೆ, ಅವಳೇ ಸರಿಮಾಡಿದಳು. ಈಗ ಅದು ಬಾಯಲ್ಲಿ ನನ್ನದೇ ಎಂಬಂತೆ ಇದೆ, ಆದರೂ ಬೂದಿಕೋಟೆಗೆ ಹೋಗುವಾಗ ಹಾಕಿಕೊಳ್ಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಮೊನ್ನೆ ಶೋಭಾಳನ್ನು ನೋಡಲು ಬಂಗಾರಪೇಟೆಯಲ್ಲಿ ಬೂದಿಕೋಟೆ ಬಸ್ಸು ಹತ್ತಿದೆ. ಬೀಗರೂಟದ ಸುದ್ದಿ ಆ ದಾರಿಗೆಲ್ಲ ಹಬ್ಬಿತ್ತು. ಕಂಡಕ್ಟರ್ ನನ್ನ ಮುಖ ನೋಡಿದ, ಗುರುತು ಹಿಡಿದ. ಟಿಕೆಟ್ ಹರಿಯುವ ಮೊದಲು ನನ್ನ ಪಕ್ಕದ ಖಾಲಿ ಸೀಟನ್ನೂ ಒಮ್ಮೆ ಬಗ್ಗಿ ನೋಡಿ, ಬಹಳ ವಿನಯದಿಂದ ಕೇಳಿದ.

"ಒಬ್ರೇನಾ ಯಜಮಾನ್ರೇ? ಮರಿ ಬರ್ಲಿಲ್ವಾ?"

"ಇಲ್ಲಪ್ಪಾ" ಎಂದೆ. "ಮನೇಲಿ ನೀರಲ್ಲಿ ಬಿಟ್ಟು ಬಂದಿದೀನಿ."

ಬಸ್ಸಿನಲ್ಲಿದ್ದವರೆಲ್ಲ ಬಾಯಿ ತುಂಬ ನಕ್ಕರು. ಎಲ್ಲರ ಹಲ್ಲೂ ಚೆನ್ನಾಗಿಯೇ ಇದ್ದವು.